ದುರ್ಗಿಗುಡಿಯಲ್ಲಿ ಸೈಜ್ ಕೇಳುತ್ತಾರೆ, ಅಳತೆ ತೆಗೆಯುವುದಿಲ್ಲ

ಶಿವಮೊಗ್ಗದ ನಮ್ಮ ಮನೆಯಲ್ಲಿ ಕಾಲಿಂಗ್ ಬೆಲ್ ಆಯ್ತು ಅಂದ್ರೆ ಅಮ್ಮ ಮೊದಲು ಟವೆಲ್ ಹುಡುಕ್ತಾಳೆ. ನೈಟಿ ಮೇಲೆ ಅದನ್ನು ಹೊದ್ದುಕೊಂಡ ಮೇಲೇ ಕೊರಿಯರ್ ಹುಡುಗನಿಗೋ, ಸಿಲಿಂಡರ್ ತಂದವರಿಗೋ ಬಾಗಿಲು ತೆರೆಯೋದು. ಈ ಟವೆಲ್ ನಿಮ್ಮ ಮನೆಯಲ್ಲೂ ಇರುತ್ತದೆ. ಕೆಲವು ಕಡೆ ಅದು ದುಪಟ್ಟಾ, ಕೆಲವು ಕಡೆ ಹಳೇ ಶಾಲು.

ಕಾರಣ ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ. ಹೊರಗಿನಿಂದ ಬಂದ ತಕ್ಷಣ ಅಮ್ಮ ಬ್ರಾ ಬಿಚ್ಚಿಡ್ತಾಳೆ. ಹೆಗಲ ಮೇಲೆ ಪಟ್ಟಿ ಕೂತ ಜಾಗ ಬೆರಳಿಗೆ ಸಿಗುವಷ್ಟು ತಗ್ಗಾಗಿದೆ. ಎದೆಯ ಕೆಳಗೆ ಬೆವರಿ ಕೆಂಪಾದ ಗೆರೆ. ಹಾಕಿದರೆ ಹಿಂಸೆ, ಹಾಕದಿದ್ದರೆ ನಾಚಿಕೆ. ಇವೆರಡರ ನಡುವೆ ಒಂದು ಬಟ್ಟೆ ಇರಬೇಕಿತ್ತಲ್ಲ, ಅದು ಯಾಕಿಲ್ಲ?

ಈ ಪ್ರಶ್ನೆ ಇಟ್ಟುಕೊಂಡು ಅಮ್ಮನ ಜೊತೆ ದುರ್ಗಿಗುಡಿಗೆ ಹೋದೆ. ಸೀರೆಯಿಂದ ಸೇಫ್ಟಿ ಪಿನ್ನಿನವರೆಗೆ ಎಲ್ಲವೂ ಸಿಗುವ ಬೀದಿ ಅದು. ಅಂಗಡಿಯವರು ಕೇಳಿದ್ದು ಒಂದೇ ಮಾತು: ‘ಸೈಜ್ ಎಷ್ಟಮ್ಮ?’ ಅಮ್ಮ ತಗ್ಗಿದ ದನಿಯಲ್ಲಿ ‘38’ ಅಂದಳು. ಡಬ್ಬ ಬಂತು, ಪೇಪರ್ ಕವರಿಗೆ ಹೋಯ್ತು. ಎರಡು ನಿಮಿಷದ ವ್ಯವಹಾರ. ‘ಈ 38 ಯಾವಾಗಿಂದು?’ ಅಂತ ದಾರಿಯಲ್ಲಿ ಕೇಳಿದೆ. ‘ನೀನು ಹೈಸ್ಕೂಲಲ್ಲಿ ಇದ್ದಾಗಿಂದು’ ಅಂದಳು.

ಮನೆಗೆ ಬಂದು ಟೇಪು ಹಿಡಿದೆ. ಬ್ರಾ ಸೈಜಿನಲ್ಲಿ ಎರಡು ಸಂಗತಿ ಇರುತ್ತವೆ. ಎದೆಯ ಕೆಳಗಿನ ಸುತ್ತಳತೆ ಅಂಕಿಯಾಗುತ್ತದೆ. ಎದೆಯ ತುಂಬು ಭಾಗದ ಸುತ್ತಳತೆ ಅದಕ್ಕಿಂತ ಎಷ್ಟು ಇಂಚು ಹೆಚ್ಚು ಅನ್ನೋದು ಅಕ್ಷರವಾಗುತ್ತದೆ: ಸ್ಥೂಲವಾಗಿ ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ. ಅಂಗಡಿಯಲ್ಲಿ ಅಕ್ಷರದ ಮಾತೇ ಬರಲಿಲ್ಲ. ಅಮ್ಮನಿಗೆ ಬೇಕಿದ್ದದ್ದು ಚಿಕ್ಕ ಅಂಕಿ, ದೊಡ್ಡ ಅಕ್ಷರ. ಇಷ್ಟು ವರ್ಷ ಹಾಕಿದ್ದು ದೊಡ್ಡ ಅಂಕಿ, ಚಿಕ್ಕ ಅಕ್ಷರ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವಳು. ಮೊದಲ ವರ್ಷ ಕಲಿತ ಮೆಕ್ಯಾನಿಕ್ಸ್ ಇಷ್ಟು ವರ್ಷಕ್ಕೆ ಇಲ್ಲಿ ಉಪಯೋಗಕ್ಕೆ ಬಂತು. ಸ್ತನದಲ್ಲಿ ತನ್ನನ್ನು ತಾನು ಎತ್ತಿಹಿಡಿಯುವ ಸ್ನಾಯು ಇಲ್ಲ. ಚರ್ಮ ಮತ್ತು ಒಳಗಿನ ತೆಳುವಾದ ಕೂಪರ್ ಲಿಗಮೆಂಟುಗಳೇ ಆಧಾರ. ಹಾಗಾಗಿ ಹೊರಗಿನ ಆಧಾರ ಬೇಕು ಅನ್ನುವವರಿಗೆ ಭಾರ ಎಲ್ಲಿ ಇಳಿಯಬೇಕು ಅನ್ನೋದೇ ಮುಖ್ಯ ಪ್ರಶ್ನೆ. ಪಕ್ಕೆಲುಬಿನ ಸುತ್ತ ಅಗಲವಾದ, ಜಗ್ಗದ ಪಟ್ಟಿ ಇದ್ದರೆ ಭಾರ ಅಲ್ಲಿ ಹಂಚಿಹೋಗುತ್ತದೆ. ಪಟ್ಟಿ ಸಡಿಲವಿದ್ದರೆ ಅದು ಬೆನ್ನಿನಲ್ಲಿ ಮೇಲೇರುತ್ತದೆ, ಇಡೀ ಭಾರ ಅರ್ಧ ಇಂಚಿನ ಹೆಗಲಪಟ್ಟಿಗೆ ಬೀಳುತ್ತದೆ. ಭಾರ ಅಷ್ಟೇ, ತಾಗುವ ಜಾಗ ಕಮ್ಮಿ, ಒತ್ತಡ ಜಾಸ್ತಿ. ಅಮ್ಮನ ಹೆಗಲ ತಗ್ಗಿಗೆ ವಯಸ್ಸು ಕಾರಣ ಅಂದುಕೊಂಡಿದ್ದೆವು. ಕಾರಣ ಈ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ. ಬ್ರಾ ಹಾಕಿದರೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಸಂಶೋಧಕರು 1,500ಕ್ಕೂ ಹೆಚ್ಚು ಮಹಿಳೆಯರನ್ನು ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟರು. ಅಂಥ ಯಾವ ಸಂಬಂಧವೂ ಅವರಿಗೆ ಕಾಣಲಿಲ್ಲ. ನಮ್ಮ ಸಮಸ್ಯೆ ಅಷ್ಟು ದೊಡ್ಡದಲ್ಲ, ಆದರೆ ದಿನಾ ಇರುವಂಥದ್ದು. ಮಲೆನಾಡಿನ ಮಳೆಗಾಲದಲ್ಲಿ ಬ್ರಾ ಎಲ್ಲಿ ಒಣಗುತ್ತೆ ನೋಡಿ. ಹಗ್ಗದ ಮೇಲೆ ಸೀರೆ, ಅದರ ಅಡಿಗೆ ಬಚ್ಚಿಟ್ಟ ಹಾಗೆ ಬ್ರಾ. ಗಾಳಿ ಇಲ್ಲ, ಬಿಸಿಲು ಇಲ್ಲ. ಅರೆತೇವದ ಬಿಗಿ ಬಟ್ಟೆಯನ್ನೇ ಬೆಳಿಗ್ಗೆ ಹಾಕಿಕೊಂಡು ಕೆಲಸಕ್ಕೆ ಹೋಗಬೇಕು. ಎದೆಯ ಕೆಳಗಿನ ಮಡಿಕೆಯಲ್ಲಿ ಫಂಗಸ್ ಸೋಂಕಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕೇ? ಸಾಲು ಹಿಡಿದು ದಿನವಿಡೀ ಕೂತು ಅಡಿಕೆ ಸುಲಿಯುವ ಹೆಂಗಸರು ಇದನ್ನು ಡಾಕ್ಟರ ಹತ್ತಿರವೂ ಕೊನೆಗೆ ಹೇಳುತ್ತಾರೆ.

ಬ್ರಾ ಏನೂ ಸನಾತನ ಉಡುಪಲ್ಲ. ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಬಿಗಿಯಾದ ಕಾರ್ಸೆಟ್ ಬೇಡವೆಂದು ಎರಡು ರೇಷ್ಮೆ ಕರವಸ್ತ್ರ, ಒಂದಿಷ್ಟು ರಿಬ್ಬನ್ ಸೇರಿಸಿ ಹೊಲಿಸಿಕೊಂಡದ್ದಕ್ಕೆ 1914ರಲ್ಲಿ ಪೇಟೆಂಟ್ ಸಿಕ್ಕಿತು. ಆ ಕಾಲಕ್ಕೆ ಅದೇ ಆರಾಮದ ಪರ್ಯಾಯ! 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಓಟದ ಹವ್ಯಾಸವಿದ್ದ ಲೀಸಾ ಲಿಂಡಾಲ್ ಮತ್ತು ಗೆಳತಿಯರು, ಗಂಡಸರು ಆಟದ ವೇಳೆ ಹಾಕುವ ಎರಡು ಸಪೋರ್ಟರ್‌ಗಳನ್ನು ಜೋಡಿಸಿ ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದರು. ಎರಡೂ ಸಲ ತಮಗೆ ಬೇಕಾದ್ದು ಅಂಗಡಿಯಲ್ಲಿ ಸಿಗದ ಹೆಂಗಸರೇ ಹೊಸದನ್ನು ಮಾಡಿಕೊಂಡರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಗುಳೇದಗುಡ್ಡದ ಖಣದ ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕುತ್ತಿದ್ದರಲ್ಲ, ಅದೂ ಆಧಾರದ ಪಟ್ಟಿಯೇ. ಮೈ ಹೆಚ್ಚುಕಮ್ಮಿಯಾದರೆ ಗಂಟೂ ಸಡಿಲವಾಗುತ್ತಿತ್ತು.

ಭಾರತದ ಒಳಉಡುಪು ಉದ್ಯಮದ ದೊಡ್ಡ ಹೆಸರುಗಳು ನಮ್ಮ ರಾಜ್ಯದಲ್ಲೇ ಇವೆ. ಜಾಕಿ ಬ್ರ್ಯಾಂಡನ್ನು ಇಲ್ಲಿ ತಯಾರಿಸುವ ಪೇಜ್ ಇಂಡಸ್ಟ್ರೀಸ್ ಬೆಂಗಳೂರಿನದು. ಆನ್‌ಲೈನಿನಲ್ಲಿ ಬ್ರಾ ಮಾರುವ ಜಿವಾಮೆ 2011ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಅಂಗಡಿಯ ಮುಜುಗರವನ್ನು ಮೊಬೈಲ್ ತಪ್ಪಿಸಿತು, ನಿಜ. ಆದರೆ ಅಮ್ಮನಂಥವರು ಮೊಬೈಲಿನಲ್ಲೂ ಒತ್ತುವುದು ಅದೇ ಹಳೇ 38.

ಪರ್ಯಾಯ ನನಗೆ ಸಿಕ್ಕಿದ್ದು ದುರ್ಗಿಗುಡಿಯ ಒಂದು ಅಡ್ಡರಸ್ತೆಯ ಟೈಲರ್ ಅಂಗಡಿಯಲ್ಲಿ. ಕಟೋರಿ ಬ್ಲೌಸ್, ಪ್ರಿನ್ಸೆಸ್ ಕಟ್ ಹೊಲಿಯುವ ಪ್ರತಿ ಟೈಲರಿಗೂ ಚಪ್ಪಟೆ ಬಟ್ಟೆಯಿಂದ ಉಬ್ಬು ಆಕಾರ ತೆಗೆಯುವುದು ಗೊತ್ತು. ಮದುವೆ ಬ್ಲೌಸಿಗೆ ಕಪ್ ಕೂಡಿಸಿ, ಒಳಗೆ ಬ್ರಾ ಬೇಡದ ಹಾಗೆ ಹೊಲಿದುಕೊಡುತ್ತಾರೆ. ‘ಇದನ್ನೇ ನೈಟಿಗೆ, ಕುರ್ತಾಕ್ಕೆ ಯಾಕೆ ಹಾಕಲ್ಲ ಅಕ್ಕಾ?’ ಅಂದೆ. ‘ಯಾರೂ ಕೇಳಲ್ಲ ಮೇಡಂ’ ಅಂದರು.

ನಾವು ಕೇಳಿದೆವು. ನೈಟಿಯ ಒಳಗೆ ಎರಡು ಪದರದ ಕಾಟನ್ ಲೈನಿಂಗ್, ಕಟೋರಿ ಆಕಾರದಲ್ಲಿ. ಎದೆಯ ಕೆಳಗೆ ಮೂರು ಇಂಚಿನ ಪಟ್ಟಿ, ಬೆನ್ನಿನ ಕಡೆ ಮಾತ್ರ ಎಲಾಸ್ಟಿಕ್. ಹೆಗಲ ಹತ್ತಿರ ಎರಡು ಇಂಚು ಅಗಲ. ಕೈ ಹಿಂದಕ್ಕೆ ತಿರುಚದಂತೆ ಮುಂದೆ ಹುಕ್. ಮೊದಲನೆಯದು ಕೆಟ್ಟಿತು. ಪಟ್ಟಿಯನ್ನು ಕ್ರಾಸ್ ಆಗಿ ಕತ್ತರಿಸಿದ್ದರಿಂದ ನಾಲ್ಕು ಒಗೆತಕ್ಕೆ ಜಗ್ಗಿತು. ಎರಡನೆಯದಕ್ಕೆ ಪಟ್ಟಿಯನ್ನು ನೇರ ಎಳೆಯಲ್ಲಿ ಕತ್ತರಿಸಿದರು. ಅದು ನಿಂತಿತು.

ಇದು ಎಲ್ಲರಿಗೂ ಆಗುತ್ತದೆ ಅನ್ನಲ್ಲ. ಓಡುವವರಿಗೆ, ಪೊಲೀಸ್ ತರಬೇತಿಗೆ ಹೋಗುವವರಿಗೆ, ಎದೆಯ ಭಾರ ಹೆಚ್ಚಿರುವವರಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾನೇ ಬೇಕು. ಆಪರೇಷನ್ ಆದವರು ಡಾಕ್ಟರ ಮಾತು ಕೇಳಬೇಕು. ಏನೂ ಹಾಕದೆ ಆರಾಮಾಗಿರುವವರು ಹಾಗೇ ಇರಲಿ. ಆಯ್ಕೆ ಅವರವರದ್ದು.

ಆದರೆ ಆಯ್ಕೆ ಇರಬೇಕಾದರೆ ವ್ಯವಸ್ಥೆಯೂ ಸ್ವಲ್ಪ ಅಲುಗಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಶೇ 5ರ ಜಿಎಸ್‌ಟಿ 2,500 ರೂಪಾಯಿವರೆಗಿನ ಉಡುಪಿಗೆ ವಿಸ್ತರಣೆಯಾಯಿತು. ಮೊದಲು ಈ ಮಿತಿ 1,000 ರೂಪಾಯಿ ಇತ್ತು. ಮುನ್ನೂರು ರೂಪಾಯಿಯ ಬ್ರಾ ಕೊಳ್ಳುವವಳಿಗೆ ಇದರಿಂದ ಒಂದು ಪೈಸೆಯೂ ಉಳಿಯಲಿಲ್ಲ. ಅವಳಿಗೆ ಬೇಕಿರುವುದು ಸರಿಯಾದ ಅಳತೆ. ಭಾರತೀಯರ ಮೈ ಅಳತೆಯ ಚಾರ್ಟ್ ಮಾಡಲು ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಸಮೀಕ್ಷೆ ಕೈಗೆತ್ತಿಕೊಂಡಿತು: ಆರು ನಗರ, 25 ಸಾವಿರ ಜನ, 3ಡಿ ಸ್ಕ್ಯಾನರ್. ಒಳ್ಳೆಯದೇ. ಆದರೆ ಅದು ರೆಡಿಮೇಡ್ ಕಂಪನಿಗಳ ಕೈಗೆ ಮಾತ್ರ ಹೋದರೆ ಸಾಲದು. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ ಇದೆ, ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಸಲಕರಣೆಗೆ 15,000 ರೂಪಾಯಿ ಇದೆ. ಆ ತರಬೇತಿಯಲ್ಲಿ ಎದೆಯ ಎರಡು ಅಳತೆ ತೆಗೆಯುವುದನ್ನೂ, ಉಡುಪಿನೊಳಗೇ ಆಧಾರ ಹೊಲಿಯುವುದನ್ನೂ ಒಂದು ದಿನದ ಪಾಠ ಮಾಡಿದರೆ ಖರ್ಚೇನು? ಪ್ರತಿ ತಾಲೂಕಿನಲ್ಲೂ ಟೈಲರ್ ಅಕ್ಕಂದಿರಿಗೆ ಹೊಸ ಕೆಲಸ, ಗಿರಾಕಿಗೆ ಹೊಸ ಬಟ್ಟೆ.

ಅಂಗಡಿಯವರಿಗೂ ಒಂದು ಮಾತು. ಚಪ್ಪಲಿ ಕೊಳ್ಳುವಾಗ ಕೂರಿಸಿ, ಕಾಲಿಗೆ ಹಾಕಿ, ನಡೆದು ನೋಡಿ ಅನ್ನುತ್ತೀರಿ. ಒಂದು ಪರದೆ, ಒಂದು ಟೇಪು, ಅಳತೆ ತೆಗೆಯಲು ಒಬ್ಬ ಹೆಣ್ಣುಮಗಳು. ದುರ್ಗಿಗುಡಿಯ ಬಾಡಿಗೆಯಲ್ಲೂ ಇಷ್ಟಕ್ಕೆ ಜಾಗ ಸಿಗುತ್ತದೆ.

ಮೊನ್ನೆ ಮನೆಯಲ್ಲಿ ಬೆಲ್ ಆಯ್ತು. ಅಮ್ಮ ಅಭ್ಯಾಸಬಲದಿಂದ ಟವೆಲಿಗೆ ಕೈ ಹಾಕಿದಳು, ಒಂದು ಗಳಿಗೆ ನಿಂತಳು, ಅಲ್ಲೇ ಬಿಟ್ಟು ಹೋಗಿ ಬಾಗಿಲು ತೆಗೆದಳು. ಬಂದವರು ವಿದ್ಯುತ್ ಮೀಟರ್ ರೀಡರ್. ಬಿಲ್ ಕೊಟ್ಟು ಹೋದರು.