ಕಾಲಿನ ತುರಿಕೆಗೆ ಯಾವ ಟ್ಯೂಬ್?

ಕಾಲಿನ ಮೇಲೆ ಏನಾದರೂ ಎದ್ದರೆ ನಮ್ಮಲ್ಲಿ ನಡೆಯೋದು ಒಂದೇ ಕ್ರಮ. ಮೊದಲು ಗೂಗಲ್, ಆಮೇಲೆ ಪಕ್ಕದ ಸೀಟಿನವರ ಸಲಹೆ, ಸಂಜೆ ಮೆಡಿಕಲ್ ಶಾಪ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ". ಡಾಕ್ಟರ್ ನೆನಪಾಗೋದು ಕೊನೆಗೆ.

ನಮ್ಮ ದೊಡ್ಡಮ್ಮನ ವಿಷಯದಲ್ಲೂ ಹೀಗೇ ಆಯ್ತು. ತುಮಕೂರಿನಲ್ಲಿ ಅವರದ್ದೊಂದು ಸಣ್ಣ ಹೋಟೆಲ್. ಬೆಳಗ್ಗೆ ದೋಸೆ ಕಾವಲಿ ಮುಂದೆ ನಿಂತರೆ ಕೂರೋದು ಮಧ್ಯಾಹ್ನವೇ. ಪಾದದ ಗಂಟಿನ ಮೇಲೆ, ಒಳಭಾಗದಲ್ಲಿ ಚರ್ಮ ಕಂದು ಬಣ್ಣಕ್ಕೆ ತಿರುಗಿ, ವಿಪರೀತ ತುರಿಕೆ. ಸೀರೆ ಕೆಳಗೆ ಯಾರಿಗೆ ಕಾಣುತ್ತೆ? ಕೇಳಿದರೆ "ವಯಸ್ಸಾದ್ಮೇಲೆ ಇದೆಲ್ಲ ಇದ್ದಿದ್ದೇ ಕಣೇ" ಅಂತಿದ್ದರು. ಎರಡು ವರ್ಷ ಟ್ಯೂಬ್ ಮೇಲೆ ಟ್ಯೂಬ್ ಹಚ್ಚಿ, ಕೊನೆಗೆ ಚರ್ಮ ಒಡೆದು ನೀರು ಒಸರೋಕೆ ಶುರುವಾಯ್ತು.

ಚರ್ಮದ ಡಾಕ್ಟರು ಹೇಳಿದ್ದು ಕೇಳಿ ನಮಗೆಲ್ಲ ಆಶ್ಚರ್ಯ. ತೊಂದರೆ ಶುರುವಾಗಿದ್ದು ಚರ್ಮದಲ್ಲಲ್ಲ, ರಕ್ತನಾಳದಲ್ಲಿ. ಕಾಲಿನಿಂದ ರಕ್ತ ಮೇಲಕ್ಕೆ ಹೋಗುವಾಗ ಹಿಂದಕ್ಕೆ ಜಾರದಂತೆ ನಾಳದೊಳಗೆ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ. ಸಂಜೆ ಹೊತ್ತಿಗೆ ಕಾಲು ಊದುತ್ತದೆ, ಕಂದು ಕಲೆ ಬೀಳುತ್ತದೆ, ತುರಿಸುತ್ತದೆ. ಇದಕ್ಕೆ ವೆರಿಕೋಸ್ ಎಕ್ಸಿಮಾ ಅಂತಾರೆ. ಹಾಗೇ ಬಿಟ್ಟರೆ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು. ದೊಡ್ಡಮ್ಮನಿಗೆ ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕಿತು. ತುರಿಕೆ ನಿಂತಿದೆ, ಕಲೆ ಮಾತ್ರ ಹಾಗೇ ಉಳಿದಿದೆ.

ಹಾಗಂತ ಕಾಲಿನ ತುರಿಕೆಯೆಲ್ಲ ಇದೇ ಅಲ್ಲ. ಚಳಿಗಾಲದಲ್ಲಿ ಮೊಣಕಾಲಿನ ಕೆಳಗೆ ಚರ್ಮ ಬಿರುಕುಬಿಟ್ಟು ಹೊಟ್ಟು ಉದುರುತ್ತಿದ್ದರೆ ಅದು ಬರೀ ಒಣಚರ್ಮ ಇರಬಹುದು. ಸಾಕ್ಸ್ ಎಲಾಸ್ಟಿಕ್ ಕೂರುವ ಜಾಗದಲ್ಲೇ ಗೆರೆ ಎಳೆದಂತೆ ಕೆಂಪಾದರೆ ಅಲರ್ಜಿ ಇರಬಹುದು. ಶೇವ್ ಅಥವಾ ವ್ಯಾಕ್ಸ್ ಮಾಡಿದ ಮೇಲೆ ಕೂದಲ ಬುಡದಲ್ಲಿ ಗುಳ್ಳೆ ಬಂದರೆ ಕೆಲವು ವಾರ ಅದನ್ನು ನಿಲ್ಲಿಸಿ ನೋಡಿ. ಅಂಚು ಉಬ್ಬಿ ಉಂಗುರದಂತೆ ಹರಡುತ್ತಿದ್ದರೆ ಹುಳುಕಡ್ಡಿ ಇರಬಹುದು. ನಮ್ಮ ಮೈಬಣ್ಣಕ್ಕೆ ಕೆಂಪು ಅಷ್ಟಾಗಿ ಎದ್ದು ಕಾಣಲ್ಲ, ಕಂದೋ ನೇರಳೆಯೋ ಕಾಣಬಹುದು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಸುಡುವ ನೀರು ಬೇಡ, ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಒರೆಸಿ. ತೇವ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ವಾಸನೆಯ ಲೋಷನ್ ಬೇಡ. ತುರಿಕೆ ಜಾಸ್ತಿಯಾದರೆ ಕೆರೆಯೋ ಬದಲು ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ಉಗುರು ಚಿಕ್ಕದಾಗಿರಲಿ. ಕಾಲು ಊದುತ್ತಿದ್ದರೆ ಮಲಗಿ, ದಿಂಬಿನ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟು 15 ನಿಮಿಷ ಬಿಡಿ, ದಿನಕ್ಕೆ ಮೂರ್ನಾಲ್ಕು ಸಲ. ಮೀಟಿಂಗ್ ನಡುವೆಯೂ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ. ಮೀನಖಂಡ ಹಿಂಡಿದಾಗಲೇ ರಕ್ತ ಮೇಲಕ್ಕೇರೋದು.

ಮಾಡಬಾರದ್ದೂ ಇದೆ. ಹಸಿ ಬೆಳ್ಳುಳ್ಳಿ, ನಿಂಬೆರಸ, ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ. ಶುಗರ್ ಇರುವವರು ಬಿಸಿನೀರಲ್ಲಿ ಕಾಲಿಟ್ಟು ಕೂರೋದು ಬೇಡ, ಪಾದ ಜೋಮು ಹಿಡಿದಿದ್ದರೆ ಸುಟ್ಟಿದ್ದೂ ಗೊತ್ತಾಗಲ್ಲ. ಬಿಗಿ ಸ್ಟಾಕಿಂಗ್ಸ್ ಆನ್‌ಲೈನ್‌ನಲ್ಲಿ ತರಿಸೋ ಮುಂಚೆ ಡಾಕ್ಟರಿಗೆ ಕಾಲಿನ ನಾಡಿ ತೋರಿಸಿ. ಕಾಲಿಗೆ ರಕ್ತ ಇಳಿಯೋದೇ ಕಡಿಮೆ ಇದ್ದವರಿಗೆ ಅದು ಅಪಾಯ.

ಇನ್ನು ಆ ಟ್ಯೂಬ್. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಎಷ್ಟೋ ಮಿಶ್ರಣಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ, ಆದರೆ ಹುಳುಕಡ್ಡಿ ಇದ್ದರೆ ಒಳಗೊಳಗೇ ಹರಡುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಡಾಕ್ಟರ್ ಬರೆದುಕೊಟ್ಟರೆ, ಹೇಳಿದಷ್ಟು ದಿನ ಹಚ್ಚಿದರೆ ಅದೇ ಒಳ್ಳೆಯ ಔಷಧಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ, ಜಾಗ ಬಿಸಿಯಾಗಿ ಹರಡುತ್ತಾ ಜ್ವರ ಬಂದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆಗಳಿದ್ದರೆ ಮನೆಮದ್ದಿನ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದಂತಾದರೆ ಆಂಬುಲೆನ್ಸ್ ಕರೆಸಿ. ಎರಡು ವಾರಕ್ಕೂ ಮಾಯದ ಗಾಯ ಇದ್ದರೆ ತೋರಿಸಲೇಬೇಕು. ಶುಗರ್ ಇದ್ದರೆ ಎರಡು ವಾರವೂ ಕಾಯಬೇಡಿ.

ಈ ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿ: "ಅಮ್ಮಾ, ಕಾಲು ಸ್ವಲ್ಪ ತೋರಿಸು". ಏನಿಲ್ಲ ಬಿಡು ಅಂತಾರೆ. ಆದರೂ ಬಿಡಬೇಡಿ, ನೋಡಿ.