ಹಸಿದ ಹೊಟ್ಟೆಯ ಓಟ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಬಡಾಯಿಗಾರರನ್ನು ಹಾಸ್ಯ ಮಾಡುತ್ತಿದ್ದರು. ಡಬ್ಬದ ತುಂಬ ಹಿಟ್ಟಿದ್ದೂ, ಅಕ್ಕರೆಯಿಂದ ಬಡಿಸುವ ಕೈಯಿದ್ದೂ, ಪದಕದ ಆಸೆಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸುವ ಮಗಳಿಗೆ ಯಾವ ಗಾದೆ ಹೊಂದೀತು?

ಯಲಹಂಕದಾಚೆ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರವಿದೆ. ಬಡಾವಣೆಗಳಲ್ಲಿ ಈಜುಕೊಳಗಳಿವೆ, ಆಟದ ಬಯಲುಗಳಿವೆ. ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲೇ ಚೀಲ ಹೊತ್ತು ಅಭ್ಯಾಸಕ್ಕೆ ಹೊರಡುವುದು ಕಣ್ಣಿಗೆ ಹಬ್ಬ. ಆದರೆ ಮೈ ಹಗುರವಾದಷ್ಟೂ ವೇಗ ಹೆಚ್ಚುವುದೆಂಬ ನಂಬಿಕೆ ಈ ಹಬ್ಬದಲ್ಲಿ ನುಸುಳಬಲ್ಲದು. ಹುಡುಗಿ ಮೊದಲು ಸಿಹಿ ಬಿಡುತ್ತಾಳೆ, ಆಮೇಲೆ ಅನ್ನ. ಕೊನೆಗೆ ಊಟದ ಹೊತ್ತಿನಲ್ಲಿ ಮನೆಯಲ್ಲಿರುವುದನ್ನೇ ಬಿಡುತ್ತಾಳೆ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಗ್ರಾಂ ತೂಕ ಹೆಚ್ಚಾಯಿತೆಂದು ವಿನೇಶ್ ಫೋಗಟ್ ಅಂತಿಮ ಕುಸ್ತಿಯನ್ನೇ ಕಳೆದುಕೊಂಡಾಗ ದೇಶವೆಲ್ಲ ಮರುಗಿತು. ಕುಸ್ತಿಗೆ ತೂಕದ ಕಟ್ಟಳೆಯುಂಟು. ಅಂಥ ಕಟ್ಟಳೆಯೇ ಇಲ್ಲದ ಆಟಗಳಲ್ಲಿಯೂ ತಕ್ಕಡಿಯ ಭಯವಿದೆ. ಅಮೆರಿಕದ ಜಿಮ್ನಾಸ್ಟಿಕ್ ಪಟು ಕ್ರಿಸ್ಟಿ ಹೆನ್ರಿಚ್‌ಗೆ ತೂಕ ಇಳಿಸಬೇಕೆಂದು 1988ರಲ್ಲಿ ತೀರ್ಪುಗಾರರೊಬ್ಬರು ಹೇಳಿದ್ದರು. ಅನ್ನ ತೊರೆಯುವ ಆ ಕಾಯಿಲೆಯಿಂದ ಆಕೆ 1994ರಲ್ಲಿ, 22ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಶರೀರವೂ ಜಾಣ ಗೃಹಿಣಿಯಂತೆ. ಆದಾಯ ಇಳಿದರೆ ಖರ್ಚಿಗೆ ಕೈ ಹಿಡಿಯುತ್ತದೆ. ದುಡಿಮೆಗೆ ತಕ್ಕ ಆಹಾರ ದೊರೆಯದಾಗ ಹಾರ್ಮೋನುಗಳು ಕುಗ್ಗುತ್ತವೆ, ಮುಟ್ಟು ನಿಲ್ಲುತ್ತದೆ, ಮೂಳೆ ಸವೆದು ಕೂದಲೆಳೆಯಂಥ ಬಿರುಕು ಬಿಡುತ್ತದೆ. 1992ರಲ್ಲಿ ಅಮೆರಿಕದ ಕ್ರೀಡಾವೈದ್ಯರು ಇವನ್ನು ಒಂದೇ ಸರಪಳಿಯ ಮೂರು ಕೊಂಡಿಗಳೆಂದು ಗುರುತಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು, ಆಹಾರದ ಈ ಕೊರತೆ ಹೃದಯವನ್ನೂ ಮನಸ್ಸನ್ನೂ ಬಾಧಿಸುವುದೆಂದೂ ಗಂಡುಮಕ್ಕಳನ್ನೂ ಬಿಡದೆಂದೂ ಎಚ್ಚರಿಸಿತು. ಹೆಚ್ಚು ಓಡುವವರಿಗೆ ಮುಟ್ಟು ನಿಲ್ಲುವುದು ಸಹಜವೆಂದು ತಾಯಂದಿರು ಸುಮ್ಮನಿರಲಾಗದು. ಅದು ಶರೀರ ಬರೆದ ಮೊದಲ ದೂರಿನ ಪತ್ರ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ ದಶಕಗಳಿಂದ ಸಂಶೋಧನೆ ನಡೆಸಿರುವ ರಾಗಿಯ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಮುದ್ದೆ ಉಣ್ಣುವ ನಾಡಿನಲ್ಲಿ ಮೂಳೆಗೆ ಬರಗಾಲ ಬರಬೇಕಾಗಿಲ್ಲ. ಆದರೆ ಒಟ್ಟು ಊಟವೇ ಸಾಲದಾಗ ಸುಣ್ಣವೊಂದೇ ಮೂಳೆಯನ್ನು ಕಾಯಲಾರದು.

ಗದರಿಸಿ ಉಣ್ಣಿಸಿದರೆ ಈ ಕಾಯಿಲೆ ಹೋಗದು. ಇದು ಹಟವಲ್ಲ, ರೋಗ. ವೈದ್ಯರೂ ಆಹಾರತಜ್ಞರೂ ಮನೋವೈದ್ಯರೂ ಕೂಡಿ ಕೈ ಹಾಕಬೇಕು, ತರಬೇತುದಾರರೂ ತಮ್ಮ ನಾಲಿಗೆಯನ್ನು ತೂಗಿ ಬಳಸಬೇಕು. ಮದುವೆ ಮನೆಯಲ್ಲಿ "ಎಷ್ಟು ತೆಳ್ಳಗಾಗಿದ್ದೀಯೆ, ಚೆನ್ನಾಗಿ ಕಾಣುತ್ತೀಯಮ್ಮ" ಎಂದು ಮೆಚ್ಚುವ ಬಂಧುಗಳಿಗೂ ಈ ಮಾತು ಸಲ್ಲುತ್ತದೆ. ಅಂಗಣದಿಂದ ಬಂದ ಮಗಳನ್ನು "ಗೆದ್ದೆಯಾ?" ಎಂದು ಕೇಳುವ ಮುನ್ನ "ಉಂಡೆಯಾ?" ಎಂದು ಕೇಳುವ ಮನೆಯೇ ಅವಳಿಗೆ ದೊಡ್ಡ ಬಲ.