ಸಮುದ್ರ ಬಲ್ಲವರು ಬಿಸಿಲು ಕೊಂಡರು

1974ರ ಫೆಬ್ರುವರಿ. ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದ ನಡುವೆ ‘ಸಾಗರ್ ಸಾಮ್ರಾಟ್’ ಎಂಬ ರಿಗ್‌ ಕೊರೆದ ಬಾವಿಯಲ್ಲಿ ತೈಲ ಸಿಕ್ಕಿತು. ಹಿಂದಿನ ವರ್ಷದ ಅರಬ್ ತೈಲ ನಿರ್ಬಂಧದಿಂದ ಬೆಲೆ ನಾಲ್ಕು ಪಟ್ಟು ಏರಿ ದೇಶ ಕಂಗಾಲಾಗಿದ್ದ ಹೊತ್ತು ಅದು. ಎರಡೇ ವರ್ಷದಲ್ಲಿ, 1976ಕ್ಕೆ, ಬಾಂಬೆ ಹೈ ಎಂಬ ಆ ತೈಲಕ್ಷೇತ್ರ ಉತ್ಪಾದನೆ ಆರಂಭಿಸಿತು. 1956ರಲ್ಲಿ ಡೆಹ್ರಾಡೂನ್‌ನಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಒಎನ್‌ಜಿಸಿ, ಕಡಲಿನಲ್ಲಿ ಉಕ್ಕಿನ ಕಂಬ ನೆಟ್ಟು ಅದರ ಮೇಲೆ ಕೆಲಸ ಮಾಡುವ ವಿದ್ಯೆಯನ್ನು ಅಲ್ಲೇ ಕಲಿತು ಗಟ್ಟಿಮಾಡಿಕೊಂಡಿತು.

2025ರ ಫೆಬ್ರುವರಿಯಲ್ಲಿ ಇದೇ ಸಂಸ್ಥೆ ಬೇರೊಂದು ಕಾರಣಕ್ಕೆ ಸುದ್ದಿಯಾಯಿತು. ಸರ್ಕಾರಿ ವಿದ್ಯುತ್ ಸಂಸ್ಥೆ ಎನ್‌ಟಿಪಿಸಿಯ ಹಸಿರು ಅಂಗಸಂಸ್ಥೆಯೊಡನೆ ಸಮಪಾಲಿನಲ್ಲಿ ಕಟ್ಟಿಕೊಂಡ ಜಂಟಿ ಕಂಪನಿಯ ಮೂಲಕ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಅಯಾನಾ ರಿನ್ಯೂವಬಲ್ ಪವರ್ ಕಂಪನಿಯನ್ನು ಇಡಿಯಾಗಿ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಸಾಲದ ಹೊರೆಯೂ ಸೇರಿ ವ್ಯವಹಾರದ ಮೌಲ್ಯ ₹19,500 ಕೋಟಿ. ಕೈಗೆ ಬಂದದ್ದು ಸುಮಾರು 4,100 ಮೆಗಾವಾಟ್‌ನ ಸೌರ ಮತ್ತು ಪವನ ಘಟಕಗಳು. ಮುಂದಿನ ತಿಂಗಳೇ ಕರ್ನಾಟಕ, ಆಂಧ್ರಪ್ರದೇಶ, ಮಧ್ಯಪ್ರದೇಶಗಳಲ್ಲಿ ಗಾಳಿಯಂತ್ರಗಳನ್ನು ಹೊಂದಿದ್ದ ಪಿಟಿಸಿ ಎನರ್ಜಿ ಕಂಪನಿ ₹925 ಕೋಟಿಗೆ ಒಎನ್‌ಜಿಸಿಯ ಅಂಗಸಂಸ್ಥೆ ಒಎನ್‌ಜಿಸಿ ಗ್ರೀನ್ ಪಾಲಾಯಿತು. ಅದರ ಸಾಮರ್ಥ್ಯ 288.8 ಮೆಗಾವಾಟ್.

2030ರ ಹೊತ್ತಿಗೆ 10 ಗಿಗಾವಾಟ್ ಹಸಿರು ವಿದ್ಯುತ್ ಸಾಮರ್ಥ್ಯ ಎಂಬುದು ಒಎನ್‌ಜಿಸಿ ತನಗೆ ತಾನೇ ಹಾಕಿಕೊಂಡ ಗುರಿ. ಹಾಗೆ ನೋಡಿದರೆ ಅದು ಗಾಳಿಗೆ ಹೊಸಬನಲ್ಲ. 2008ರಲ್ಲೇ ಕಛ್‌ನಲ್ಲಿ 51 ಮೆಗಾವಾಟ್, ಆಮೇಲೆ ಜೈಸಲ್ಮೇರ್‌ನಲ್ಲಿ 102 ಮೆಗಾವಾಟ್‌ನ ಗಾಳಿ ವಿದ್ಯುತ್ ಘಟಕಗಳನ್ನು ಹಾಕಿತ್ತು. ಆದರೆ ಒಂದೂವರೆ ದಶಕದ ದುಡಿಮೆಯ ನಂತರವೂ ಅದರ ಹಸಿರು ಸಾಮರ್ಥ್ಯ 200 ಮೆಗಾವಾಟ್ ಮುಟ್ಟಿರಲಿಲ್ಲ. ಈಗ ಒಂದೇ ಖರೀದಿಯಲ್ಲಿ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಸಾಮರ್ಥ್ಯದಲ್ಲಿ ಪಾಲು ಸಿಕ್ಕಿದೆ. ಅಂಕಿ ಬೆಳೆದಿದೆ. ಸಂಸ್ಥೆ ಬೆಳೆದಿದೆಯೇ ಎಂಬುದು ಪ್ರಶ್ನೆ.

ನಡೆಯುತ್ತಿರುವ ಹೋಟೆಲನ್ನು ಇನ್ನೊಬ್ಬರು ಕೊಂಡರೆ ಊರಿನ ಹೋಟೆಲುಗಳ ಸಂಖ್ಯೆ ಹೆಚ್ಚುವುದಿಲ್ಲ. ಅಯಾನಾದ ಘಟಕಗಳಲ್ಲಿ ಸರಿಸುಮಾರು ಅರ್ಧ ಆಗಲೇ ವಿದ್ಯುತ್ ಕೊಡುತ್ತಿದ್ದವು, ಉಳಿದವು ನಿರ್ಮಾಣದಲ್ಲಿದ್ದವು. ಮಾಲೀಕತ್ವ ಬದಲಾದ ದಿನ ದೇಶದ ಗ್ರಿಡ್‌ಗೆ ಹೊಸದಾಗಿ ಒಂದು ಯೂನಿಟ್ಟೂ ಸೇರಲಿಲ್ಲ. ಮಾರಿದವರಲ್ಲಿ ಮುಖ್ಯವಾದುದು ರಾಷ್ಟ್ರೀಯ ಹೂಡಿಕೆ ಮತ್ತು ಮೂಲಸೌಕರ್ಯ ನಿಧಿ. ಅದರಲ್ಲೂ ಕೇಂದ್ರ ಸರ್ಕಾರದ ದೊಡ್ಡ ಪಾಲಿದೆ. ಮಾರಿ ಬಂದ ಹಣ ಹೊಸ ಯೋಜನೆಗಳಿಗೆ ಹೋಗುತ್ತದೆ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಕಟ್ಟಿದ್ದನ್ನು ಮಾರಿ ಮತ್ತೆ ಕಟ್ಟುವುದೇ ಇಂಥ ನಿಧಿಗಳ ಕೆಲಸ. ಆದರೆ ಅದು ಮಾರಿದವರ ಕಡೆಯ ಮಾತು. ಕೊಂಡವರು ಇದರಿಂದ ಏನು ಕಲಿತರು ಎಂಬುದಕ್ಕೆ ಅದು ಉತ್ತರವಾಗದು.

ಇನ್ನೂ ಒಂದು ಗೊಂದಲವನ್ನು ಬಿಡಿಸಿ ನೋಡಬೇಕು. ಸೌರಫಲಕ ತಯಾರಿಸುವ ವಿದ್ಯುತ್ತು ತಳ್ಳಿಹಾಕುವುದು ಮುಖ್ಯವಾಗಿ ಕಲ್ಲಿದ್ದಲನ್ನು. ಭಾರತದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಬರುವುದು ಅದರಿಂದಲೇ. ಒಎನ್‌ಜಿಸಿ ಎತ್ತುವ ತೈಲ ಹೋಗುವುದು ಲಾರಿ, ಟ್ರ್ಯಾಕ್ಟರ್, ಬೈಕುಗಳಿಗೆ. ಅನಿಲ ಹೋಗುವುದು ಗೊಬ್ಬರದ ಕಾರ್ಖಾನೆಗೆ, ಅಡುಗೆ ಮನೆಗೆ. ಸಂಸ್ಥೆ ಎಷ್ಟು ಸೌರಫಲಕ ಹರಡಿದರೂ ಅದರ ಸ್ವಂತ ತೈಲ ಒಂದು ಪೀಪಾಯಿಯಷ್ಟೂ ಕಡಿಮೆ ಉರಿಯುವುದಿಲ್ಲ. 2038ಕ್ಕೆ ನಿವ್ವಳ ಶೂನ್ಯ ಎಂಬ ಅದರ ಘೋಷಣೆಯ ವ್ಯಾಪ್ತಿಯೂ ತನ್ನ ಬಾವಿ, ಕೊಳವೆ, ಯಂತ್ರಗಳು ಉಗುಳುವ ಹೊಗೆ ಮತ್ತು ತಾನು ಕೊಳ್ಳುವ ವಿದ್ಯುತ್ತಿನ ಹೊಗೆಗೆ ಸೀಮಿತ. ಮಾರಿದ ತೈಲ ಗ್ರಾಹಕನ ವಾಹನದಲ್ಲಿ ಉರಿದಾಗ ಹೊಮ್ಮುವ ಇಂಗಾಲ ಆ ಲೆಕ್ಕದಲ್ಲಿಲ್ಲ. ಬೇಕಾದ ಕಚ್ಚಾತೈಲದ ಶೇ 85ಕ್ಕೂ ಹೆಚ್ಚನ್ನು ಹೊರಗಿಂದ ತರುವ ದೇಶದಲ್ಲಿ ಒಎನ್‌ಜಿಸಿ ಬಾವಿ ಮುಚ್ಚಲಿ ಎಂದು ಯಾರೂ ಕೇಳಲಾರರು. ಅದರ ಬಳಿ ಇರುವ ಯಾವ ವಿದ್ಯೆ ಮುಂದಿನ ಕಾಲಕ್ಕೆ ಬೇಕು ಎಂಬುದನ್ನು ಮಾತ್ರ ಕೇಳಲೇಬೇಕು.

ಆ ವಿದ್ಯೆ ಎರಡು: ನೆಲ ಕೊರೆಯುವುದು, ಕಡಲಲ್ಲಿ ನಿಲ್ಲುವುದು.

ಲಡಾಖ್‌ನ ಚಾಂಗ್‌ಥಾಂಗ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿ ಪುಗಾ ಕಣಿವೆಯಿದೆ. ಅಲ್ಲಿನ ನೆಲದಿಂದ ಬಿಸಿನೀರು ಕುದಿಯುತ್ತ ಚಿಮ್ಮುತ್ತದೆ. 1970ರ ದಶಕದಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅಲ್ಲಿ ಹತ್ತಾರು ಕೊಳವೆ ಕೊರೆದು ಶಾಖದ ನಿಕ್ಷೇಪವನ್ನು ಗುರುತಿಸಿತ್ತು. ಅತಿ ಆಳದ್ದು 385 ಮೀಟರ್. ಆಮೇಲೆ ದಶಕಗಳ ಕಾಲ ಕಡತ ಮುಚ್ಚಿತ್ತು. 2021ರ ಫೆಬ್ರುವರಿಯಲ್ಲಿ ಒಎನ್‌ಜಿಸಿ ಲಡಾಖ್ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡು, ಮೊದಲ ಹಂತದಲ್ಲಿ 1 ಮೆಗಾವಾಟ್‌ನ ಪ್ರಾಯೋಗಿಕ ಘಟಕಕ್ಕೆ ಕೈಹಾಕಿತು. ಮರುವರ್ಷ ಕೊರೆಯುವಾಗ ಒತ್ತಡದಲ್ಲಿದ್ದ ದ್ರವ ನುಗ್ಗಿ ಹೊರಬಂದು ಹೊಳೆ ಸೇರಿದ್ದರಿಂದ ಕೆಲಸ ನಿಲ್ಲಿಸಬೇಕಾಯಿತು. ಒತ್ತಡದ ಬಾವಿಯನ್ನು ಹತೋಟಿಗೆ ತರುವುದು, ಉಕ್ಕಿನ ಕೊಳವೆ ಇಳಿಸಿ ಸುತ್ತ ಸಿಮೆಂಟು ತುಂಬುವುದು, ಕೊರೆತದ ಕೆಸರಿನ ತೂಕ ಹದಗೊಳಿಸುವುದು, ಇವೆಲ್ಲ ತೈಲದವರ ದಿನನಿತ್ಯದ ಕೆಲಸ. ಹಿಮಾಲಯದ ಬಿಸಿ ಬಂಡೆಯಲ್ಲಿ ಅದನ್ನೇ ಹೊಸದಾಗಿ ಕಲಿಯಬೇಕು. ಕಲಿತರೆ ಸಿಗುವುದು ಹಗಲು ರಾತ್ರಿಯೆನ್ನದೆ, ಚಳಿಗಾಲವೆನ್ನದೆ ಬರುವ ವಿದ್ಯುತ್ತು. ಸೌರಫಲಕವೊಂದೇ ಅದನ್ನು ಕೊಡಲಾರದು. ಈ 1 ಮೆಗಾವಾಟ್, ಕೊಂಡು ತಂದ ಸಾವಿರ ಮೆಗಾವಾಟ್‌ಗಿಂತ ಹೆಚ್ಚು ಕಲಿಸುತ್ತದೆ.

ಸಮುದ್ರದ ಕಥೆ ಇನ್ನೂ ನೇರ. ‘ಸಾಗರ್ ಸಾಮ್ರಾಟ್’ ಜ್ಯಾಕ್-ಅಪ್ ಬಗೆಯದು: ತೇಲುತ್ತ ಬಂದು, ಕಾಲುಗಳನ್ನು ಕಡಲತಳಕ್ಕೆ ಇಳಿಸಿ, ತನ್ನ ಮೈಯನ್ನು ಅಲೆಗಳ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಯುರೋಪಿನ ಕಡಲುಗಳಲ್ಲಿ ದೈತ್ಯ ಗಾಳಿಯಂತ್ರ ನಿಲ್ಲಿಸುವ ಹಡಗುಗಳೂ ಇದೇ ತತ್ತ್ವದವು. ಭಾರತದ ಕಡಲಗಾಳಿ ನೀತಿ ಬಂದದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಗುಜರಾತ್ ಮತ್ತು ತಮಿಳುನಾಡು ತೀರದಾಚೆ ತಲಾ 500 ಮೆಗಾವಾಟ್‌ಗೆ ಒಟ್ಟು ₹7,453 ಕೋಟಿ ನೆರವು ಒಪ್ಪಿತು. ಖಾಸಗಿ ಕಂಪನಿಗಳು ವೆಚ್ಚ, ಅಪಾಯ ನೋಡಿ ಹಿಂಜರಿಯುತ್ತವೆ. ಐದು ದಶಕ ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಕೆಲಸ ಮಾಡಿದವರು ಹಿಂಜರಿಯಬೇಕಿಲ್ಲ.

ಡೆನ್ಮಾರ್ಕ್ ಈ ದಾರಿ ಹಿಡಿದು ನೋಡಿದೆ. ಅಲ್ಲಿನ ಸರ್ಕಾರಿ ತೈಲ–ಅನಿಲ ಕಂಪನಿ ಡಾಂಗ್, 2009ರಲ್ಲಿ ತನ್ನ ವಿದ್ಯುತ್ತು ಮತ್ತು ಶಾಖದ ಶೇ 85 ಪಾಲನ್ನು ಒಂದು ತಲೆಮಾರಿನೊಳಗೆ ಹಸಿರಾಗಿಸುತ್ತೇವೆ ಎಂದಿತು. ಆಗ ಶೇ 85 ಬರುತ್ತಿದ್ದದ್ದು ಕಲ್ಲಿದ್ದಲಿನಂಥ ಇಂಧನಗಳಿಂದ. ಕಡಲಗಾಳಿಯಲ್ಲಿ ಘಟಕದ ಮೇಲೆ ಘಟಕ ಕಟ್ಟುತ್ತ ವೆಚ್ಚ ಇಳಿಸಿತು. 2017ರಲ್ಲಿ ತೈಲಬಾವಿಗಳನ್ನು ಇನಿಯೋಸ್ ಕಂಪನಿಗೆ ಮಾರಿ, ವಿದ್ಯುತ್ಕಾಂತತೆಯನ್ನು ಕಂಡ ವಿಜ್ಞಾನಿ ಓರ್ಸ್ಟೆಡ್‌ನ ಹೆಸರು ಇಟ್ಟುಕೊಂಡಿತು. ಶೇ 85ರ ಗುರಿಯನ್ನು 2019ರಲ್ಲೇ ದಾಟಿತು. ದಾರಿ ಸಲೀಸಾಗಿರಲಿಲ್ಲ. 2014ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಪಾಲು ಮಾರಿದ ಜಗಳದಲ್ಲಿ ಒಂದು ಪಕ್ಷ ಸರ್ಕಾರದಿಂದಲೇ ಹೊರನಡೆಯಿತು. 2023ರಲ್ಲಿ ಅಮೆರಿಕದ ನ್ಯೂಜೆರ್ಸಿ ತೀರದ ಎರಡು ಯೋಜನೆಗಳನ್ನು ಭಾರಿ ನಷ್ಟದೊಂದಿಗೆ ಕೈಬಿಡಬೇಕಾಯಿತು. 2025ರಲ್ಲಿ ಕಂಪನಿ 6,000 ಕೋಟಿ ಕ್ರೋನರ್‌ಗೆ ಷೇರು ಬಿಡುಗಡೆ ಮಾಡಿದಾಗ, ಅರ್ಧಕ್ಕಿಂತ ತುಸು ಹೆಚ್ಚು ಪಾಲಿರುವ ಡ್ಯಾನಿಶ್ ಸರ್ಕಾರ ತನ್ನ ಪಾಲಿನ ಹಣ ಹಾಕಿ ಜೊತೆಗೆ ನಿಂತಿತು.

ನಮ್ಮಲ್ಲಿ ಮಾಲೀಕನ ನಡೆ ಬೇರೆ. 2018ರ ಜನವರಿಯಲ್ಲಿ ಸರ್ಕಾರ ತನ್ನ ಇನ್ನೊಂದು ತೈಲ ಕಂಪನಿ ಎಚ್‌ಪಿಸಿಎಲ್‌ನ ಶೇ 51.11 ಪಾಲನ್ನು ₹36,915 ಕೋಟಿಗೆ ಒಎನ್‌ಜಿಸಿಗೆ ಮಾರಿತು. ಆ ವರ್ಷದ ಷೇರು ವಿಕ್ರಯದ ಗುರಿ ಮುಟ್ಟಲು ಬೊಕ್ಕಸಕ್ಕೆ ಅನುಕೂಲವಾಯಿತು. ಹಣ ಕೂಡಿಟ್ಟಿದ್ದ ಸಂಸ್ಥೆ ಭಾರಿ ಸಾಲ ಎತ್ತಬೇಕಾಯಿತು. ಪುಗಾದಲ್ಲಿ ಎರಡನೆಯ, ಮೂರನೆಯ ಬಾವಿ ಸೋತರೂ ನಾಲ್ಕನೆಯದನ್ನು ಕೊರೆಯುವ ಧೈರ್ಯಕ್ಕೆ ಬೇಕಾದ ಹಣ ಇಂಥ ಹೊಂದಾಣಿಕೆಗಳಲ್ಲಿ ಕರಗಬಾರದು.

ಕರ್ನಾಟಕಕ್ಕೂ ಇದರಲ್ಲಿ ನೇರ ಪಾಲಿದೆ. 2003ರಿಂದ ಒಎನ್‌ಜಿಸಿಯ ಅಂಗಸಂಸ್ಥೆಯಾಗಿರುವ ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲದು. ಡೀಸೆಲ್ಲಿನಿಂದ ಗಂಧಕ ತೆಗೆಯಲು ಹೈಡ್ರೋಜನ್ ಬೇಕು. ಸಂಸ್ಕರಣಾಗಾರಗಳು ಅದನ್ನು ನ್ಯಾಫ್ತಾದಿಂದ ಇಲ್ಲವೇ ನೈಸರ್ಗಿಕ ಅನಿಲದಿಂದ ತಯಾರಿಸುವುದು ರೂಢಿ, ಆಗ ಇಂಗಾಲವೂ ಹೊಮ್ಮುತ್ತದೆ. ಗಾಳಿ, ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಹೈಡ್ರೋಜನ್ ಅಲ್ಲಿ ಬಳಕೆಗೆ ಬಂದರೆ ಹಸಿರು ವಿದ್ಯುತ್ತು ತೈಲದ ವ್ಯವಹಾರದ ಒಳಕ್ಕೇ ಕಾಲಿಡುತ್ತದೆ.

ಒಎನ್‌ಜಿಸಿಯಲ್ಲಿ ಜನರ ಪಾಲು, ಸರ್ಕಾರದ ಹೆಸರಿನಲ್ಲಿ, ಶೇ 58ಕ್ಕೂ ಹೆಚ್ಚು. ಆ ಹಕ್ಕಿನಿಂದ ಒಂದು ಬೇಡಿಕೆ ಇಡಬಹುದು. 10 ಗಿಗಾವಾಟ್‌ನ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಮೂರು ಭಾಗ ಮಾಡಿ ತೋರಿಸಲಿ: ಬೇರೆಯವರು ಕಟ್ಟಿದ್ದನ್ನು ಕೊಂಡದ್ದೆಷ್ಟು, ಸ್ವಂತ ಎಂಜಿನಿಯರುಗಳು ಹೊಸದಾಗಿ ಕಟ್ಟಿದ್ದೆಷ್ಟು, ಭೂಶಾಖ ಮತ್ತು ಕಡಲಗಾಳಿಯ ಪ್ರಯೋಗಕ್ಕೆ ಆ ವರ್ಷ ಖರ್ಚು ಮಾಡಿದ್ದೆಷ್ಟು. ಮೂರನೆಯ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬುದನ್ನು ಸಂಸತ್ತಿನ ಸಮಿತಿ ಪ್ರತಿ ವರ್ಷ ಕೇಳಲಿ.